ಕೈಯವಳು ಎಂದು ಬರೆದುಕೊಟ್ಟ ಕಾಗದ

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಕೆಲಸಗಾರ್ತಿ ಒಬ್ಬಳು. ಆಕೆಗೆ ಊರ ಸರ್ಕಾರಿ ಶಾಲೆಯಲ್ಲಿ ಅಕ್ಷರ ಕಲಿಸಿ, ಈಗ ನಿವೃತ್ತರಾಗಿರುವ ಮೇಷ್ಟ್ರು ಒಬ್ಬರು. ಫಸ್ಟ್ ಶಿಫ್ಟ್ ಮುಗಿಸಿ ಬಂದವಳು ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತಾಗ ನಡೆದ ಮಾತು ಇದು.

ಶಿಷ್ಯೆ: ಮೇಷ್ಟ್ರೇ, ಟೀಮ್ ಲೀಡರ್ ಪರೀಕ್ಷೆಗೆ ಹೆಸರು ಕೊಡಲ್ಲ. ತೀರ್ಮಾನ ಮಾಡ್ಕೊಂಡೇ ಬಂದಿದ್ದೀನಿ.

ಮೇಷ್ಟ್ರು: ಯಾಕಮ್ಮ? ಮೊನ್ನೆ ನಿಮ್ಮಮ್ಮ ಹಿಪ್ಪುನೇರಳೆ ಸೊಪ್ಪು ಹೊತ್ಕೊಂಡು ಹೋಗ್ತಾ ಇದ್ದವರು ನಿಂತು, ಮಗಳು ಲೀಡರ್ ಆಗ್ತಾಳೆ ಅಂದ್ರಲ್ಲ.

ಶಿಷ್ಯೆ: ಕಂಪನೀಲಿ ಒಂದು ಟ್ರೈನಿಂಗ್ ಇತ್ತು. ಹೊರಗಿನಿಂದ ಬಂದವರು ಮೊಬೈಲಿಗೆ ಪ್ರಶ್ನೆ ಕಳಿಸಿದ್ರು. ಹೊಸ ಮಿಕ್ಸಿ ತಂದ್ರೆ ಅದರ ಪುಸ್ತಕ ಓದ್ತೀರೋ, ಯಾರನ್ನಾದ್ರೂ ಕೇಳ್ತೀರೋ, ನೀವೇ ತಿರುಗಿಸಿ ನೋಡ್ತೀರೋ, ಆ ಥರದ್ದು. ಕೊನೆಗೆ ಎಲ್ಲರಿಗೂ ಒಂದೊಂದು ಕಾಗದ. ನನ್ನದರಲ್ಲಿ ‘ಕೈನೆಸ್ತೆಟಿಕ್’ ಅಂತಿದೆ. ಅಂದ್ರೆ ಕೈಯಿಂದ ಮಾಡಿ ಕಲಿಯೋರು, ಓದಿ ಕಲಿಯೋದು ಇವರಿಗೆ ಒಗ್ಗಲ್ಲ ಅಂತ ಬಿಡಿಸಿ ಹೇಳಿದ್ರು. ಪರೀಕ್ಷೆಗೆ ಇರೋದೆಲ್ಲ ಇಂಗ್ಲಿಷ್ ಮ್ಯಾನ್ಯುಯಲ್ಲು, ವೈರಿಂಗ್ ಡ್ರಾಯಿಂಗು. ಕೂತು ನೋಡಿದೆ. ಪುಟ ತಿರುವಿದ್ದೇ ಬಂತು, ತಲೆಗೆ ಏನೂ ಹತ್ತಲಿಲ್ಲ. ಕಾಗದ ಸರಿಯಾಗೇ ಹೇಳಿದೆ ಅನ್ನಿಸ್ತು.

ಮೇಷ್ಟ್ರು: ಆ ಕಾಗದ ನಿನಗೆ ಏನು ಇಷ್ಟ ಅಂತ ಹೇಳಿದೆ. ಏನು ಬರುತ್ತೆ, ಏನು ಬರಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನಿನ್ನ ಕೈಗೆ ಒಂದು ಕೆಲಸ ಕೊಟ್ಟು ನೋಡಿದ್ರಾ? ಒಂದು ಪುಟ ಓದಿಸಿ, ವಾರ ಬಿಟ್ಟು ಕೇಳಿದ್ರಾ?

ಶಿಷ್ಯೆ: ಇಲ್ಲ. ಬರೀ ಪ್ರಶ್ನೆ.

ಮೇಷ್ಟ್ರು: ಆ ಪ್ರಶ್ನೆಗಳಿಗೂ ಒಂದು ಚರಿತ್ರೆ ಇದೆ. ನ್ಯೂಜಿಲೆಂಡಿನಲ್ಲಿ ನೀಲ್ ಫ್ಲೆಮಿಂಗ್ ಅಂತ ಒಬ್ಬರು ಶಾಲಾ ಇನ್ಸ್‌ಪೆಕ್ಟರ್ ಆಗಿದ್ರು. ಒಳ್ಳೇ ಮೇಷ್ಟ್ರ ತರಗತೀಲೂ ಕೆಲವು ಮಕ್ಕಳಿಗೆ ಪಾಠ ಹತ್ತಲ್ಲ, ಸಾಧಾರಣ ಮೇಷ್ಟ್ರ ತರಗತೀಲೂ ಕೆಲವು ಮಕ್ಕಳು ಚೆನ್ನಾಗಿ ಕಲೀತಾರೆ, ಇದು ಯಾಕೆ ಅಂತ ಯೋಚನೆಗೆ ಬಿದ್ರು. ಕಣ್ಣು, ಕಿವಿ, ಓದು-ಬರಹ, ಕೈ ಅಂತ ನಾಲ್ಕು ದಾರಿ ಹೆಸರಿಸಿ ಪ್ರಶ್ನಾವಳಿ ಮಾಡಿದ್ರು, 1992ರಲ್ಲಿ ಅದರ ಬಗ್ಗೆ ಲೇಖನ ಬಂತು. ಅವರ ಪ್ರಶ್ನೆ ಒಳ್ಳೇದೇ. ಆಮೇಲೆ ಅದನ್ನ ಹಿಡ್ಕೊಂಡು ಹೊರಟವರು ಜಾಸ್ತಿಯಾದ್ರು. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದಾಗ ಕಲಿಕೆಯ ಶೈಲಿ ಅಂತ ಮನುಷ್ಯರನ್ನ ವಿಂಗಡಿಸೋ ಮಾದರಿಗಳೇ 71 ಸಿಕ್ಕಿದ್ವು.

ಶಿಷ್ಯೆ: ಅಷ್ಟೊಂದು ಜನ ಹೇಳಿದ ಮೇಲೆ ಏನೋ ಇರಲೇಬೇಕಲ್ಲ, ಮೇಷ್ಟ್ರೇ.

ಮೇಷ್ಟ್ರು: ಇದೆಯಾ ಅಂತ ನೋಡೋಕೆ ಒಂದು ನೇರ ದಾರಿ ಇದೆ. ಕಣ್ಣಿನವರು ಅಂತ ಗುರುತಿಸಿದವರಲ್ಲಿ ಅರ್ಧ ಜನಕ್ಕೆ ಚಿತ್ರ ತೋರಿಸಿ ಕಲಿಸು, ಇನ್ನರ್ಧಕ್ಕೆ ಬಾಯಲ್ಲಿ ಹೇಳಿ ಕಲಿಸು. ಕಿವಿಯವರಿಗೂ ಹಾಗೇ ಎರಡು ಥರ. ಆಮೇಲೆ ಎಲ್ಲರಿಗೂ ಒಂದೇ ಪರೀಕ್ಷೆ. ಚಿತ್ರ ನೋಡಿದ ಕಣ್ಣಿನವರೂ ಮಾತು ಕೇಳಿದ ಕಿವಿಯವರೂ ಮುಂದೆ ಬಂದ್ರೆ ಆ ಕಾಗದಕ್ಕೆ ಬೆಲೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತಿತರ ಅಮೆರಿಕದ ಮನಶ್ಶಾಸ್ತ್ರಜ್ಞರು ಅಲ್ಲೀವರೆಗಿನ ಅಧ್ಯಯನಗಳನ್ನ ಈ ಕಣ್ಣಿಂದ ಜಾಲಾಡಿದ್ರು. ಹೀಗೆ ಸರಿಯಾಗಿ ಪರೀಕ್ಷೆ ಮಾಡಿದ್ದೇ ಬಲು ಕಡಿಮೆ. ಮಾಡಿದ ಕಡೆಯೂ ಕೆಲವು ಫಲಿತಾಂಶ ಈ ವಾದಕ್ಕೆ ಎದುರಾಗೇ ಬಂದಿದ್ವು. ಶೈಲಿ ನೋಡಿ ಪಾಠ ಮಾಡಿ ಅಂತ ಶಾಲೆಗಳಿಗೆ ಹೇಳೋಷ್ಟು ಆಧಾರ ಇಲ್ಲ ಅಂತ ಅವರು ಬರೆದ್ರು.

ಶಿಷ್ಯೆ: ಆದ್ರೆ ನೀವೇ ನಮಗೆ ಒಬ್ಬೊಬ್ಬರಿಗೆ ಒಂದೊಂದು ಥರ ಕಲಿಸಿದ್ರಿ. ನಲಿಕಲಿ ಬಂದ ವರ್ಷ ನಾನು ಒಂದನೇ ಕ್ಲಾಸು. ನಾನು ಒಂದು ಕಾರ್ಡ್ ಮಾಡ್ತಿದ್ರೆ ಪಕ್ಕದವನು ಬೇರೆ ಕಾರ್ಡ್ ಮಾಡ್ತಿದ್ದ. ಅದು ಶೈಲಿ ಅಲ್ವಾ?

ಮೇಷ್ಟ್ರು: ಒಳ್ಳೇ ಪ್ರಶ್ನೆ ಕೇಳಿದೆ. ನಲಿಕಲಿ ಶುರುವಾಗಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಒಂದೇ ಕೋಣೇಲಿ ಬೇರೆ ಬೇರೆ ತರಗತಿಯ ಮಕ್ಕಳು ಕಲಿಯೋ ರೀತಿ ನೋಡ್ಕೊಂಡು ಬಂದು ಕಟ್ಟಿದ್ದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಗೋಡೆ ಮೇಲಿದ್ದ ಕಲಿಕಾ ಏಣಿ ನೆನಪಿದೆಯಾ? ಏಣಿ ಎಲ್ಲರಿಗೂ ಒಂದೇ. ಒಂದು ಅಕ್ಷರಕ್ಕೆ ಹಾಡು ಹೇಳ್ಬೇಕು, ಚಿತ್ರ ನೋಡಿ ಗುರುತಿಸ್ಬೇಕು, ತಿದ್ದಬೇಕು, ಓದಬೇಕು. ನೀನು ಕೈಯವಳು, ಹಾಡಿನ ಕಾರ್ಡ್ ಬಿಟ್ಟು ಮುಂದಕ್ಕೆ ಹೋಗು ಅಂತ ಯಾರಿಗೂ ಹೇಳ್ತಿರಲಿಲ್ಲ. ಬೇರೆ ಬೇರೆ ಆಗಿದ್ದದ್ದು ಮಗು ಆ ಹೊತ್ತಿಗೆ ನಿಂತಿರೋ ಮೆಟ್ಟಿಲು, ಅದಕ್ಕೆ ಬೇಕಾದ ನೆರವು. ಮಕ್ಕಳು ಕೂರೋ ಗುಂಪಿಗೆ ತಟ್ಟೆ ಅಂತಿದ್ವಿ. ಹೊಸದು ಕಲಿಯೋ ಮಗು ನನ್ನ ಹತ್ರದ ತಟ್ಟೇಲಿ ಕೂರೋದು. ಸ್ವಲ್ಪ ಬಂದ ಮೇಲೆ ಜೊತೆಯವರ ನೆರವಿನ ತಟ್ಟೆ, ಆಮೇಲೆ ಸ್ವಕಲಿಕೆ. ಮುಂದಿನ ಅಕ್ಷರಕ್ಕೆ ಅದೇ ಮಗು ತಿರುಗಿ ನನ್ನ ಪಕ್ಕಕ್ಕೆ ಬರೋದು.

ಶಿಷ್ಯೆ: ಮನೇಲಿ ರೇಷ್ಮೆ ಹುಳು ಹಣ್ಣಾದಾಗ ನಾನು ಶಾಲೆಗೇ ಬರ್ತಿರಲಿಲ್ಲ.

ಮೇಷ್ಟ್ರು: ನೀನೊಬ್ಬಳೇ ಅಲ್ಲ, ಗೂಡು ಕಟ್ಟೋಕೆ ಹುಳುನ ಚಂದ್ರಿಕೆಗೆ ಬಿಡೋ ದಿನ ಅರ್ಧ ಕ್ಲಾಸು ಖಾಲಿ. ಬಂದ ದಿನ ನೀನೇ ಏಣಿ ಹತ್ರ ಹೋಗಿ ಬೆರಳಿಟ್ಟು, ಬಿಟ್ಟ ಕಾರ್ಡ್ ಹುಡುಕಿ ತಟ್ಟೇಲಿ ಕೂತ್ಕೋತಿದ್ದೆ. ನಾನು ಎಲ್ಲಿದ್ದೀನಿ, ಮುಂದೆ ಏನು ಬೇಕು, ಯಾರ ಹತ್ರ ಕೇಳ್ಬೇಕು ಅಂತ ಆರು ವರ್ಷದ ಮಗುವಿಗೆ ಗೊತ್ತಿತ್ತು. ತನ್ನ ಕಲಿಕೆ ತಾನು ಅರ್ಥ ಮಾಡ್ಕೊಳ್ಳೋದು ಅಂದ್ರೆ ನನ್ನ ಪ್ರಕಾರ ಇದೇ ಕಣಮ್ಮ. ನಾನು ಕೈಯವನೋ ಕಿವಿಯವನೋ ಅಂತ ತಿಳಿಯೋದ್ರಲ್ಲಿ ಇದು ಸಿಗಲ್ಲ. ಹೋಗಲಿ, ಹಣ್ಣು ಹುಳು ಆರಿಸೋದು ಯಾರು ಕಲಿಸಿದ್ರು ನಿನಗೆ?

ಶಿಷ್ಯೆ: ಅಮ್ಮ. ಕಲಿಸಿದ್ರು ಅಂತ ಏನಿಲ್ಲ, ಮೊರ ಕೊಟ್ಟು ಆರಿಸು ಅಂದ್ರು. ಹುಳು ಸೊಪ್ಪು ತಿನ್ನೋದು ಬಿಟ್ಟಿರುತ್ತೆ, ಮೈ ಕುಗ್ಗಿ ಹೊಳಪು ಬಂದಿರುತ್ತೆ, ಬೆಳಕಿಗೆ ಹಿಡಿದ್ರೆ ಒಳಗೆ ಕಂಡ ಹಾಗೆ ಇರುತ್ತೆ, ತಲೆ ಎತ್ತಿ ಆಡಿಸ್ತಾ ಇರುತ್ತೆ. ಮೊದಮೊದಲು ನಾನು ಆರಿಸಿದ್ದರಲ್ಲಿ ಹಸಿ ಹುಳುನೇ ಇರೋದು. ಅಮ್ಮ ಒಂದೊಂದನ್ನೂ ತೆಗೆದು ‘ಇದು ಇನ್ನೂ ಮೇಯುತ್ತೆ ಬಿಡು’ ಅಂತ ತಟ್ಟೆಗೆ ವಾಪಸ್ ಹಾಕೋರು. ಯಾಕೆ ಅಂತ ಕೇಳಿದ್ರೆ ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ತೋರಿಸೋರು.

ಮೇಷ್ಟ್ರು: ಅದು ಕಣ್ಣಿನ ಕೆಲಸ ಆಯ್ತಲ್ಲ. ನೀನು ಕೈಯವಳು ಅಲ್ವೇನಮ್ಮ?

ಶಿಷ್ಯೆ: ಹುಳು ಹಣ್ಣಾಗಿದೆಯಾ ಅಂತ ಕಣ್ಣಲ್ಲೇ ನೋಡ್ಬೇಕು, ಇನ್ನೇನು ಮಾಡೋದು?

ಮೇಷ್ಟ್ರು: ಗೂಡನ್ನ?

ಶಿಷ್ಯೆ: ಗೂಡು ಬೇರೆ. ಅಪ್ಪನ ಜೊತೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋದಾಗ ನೋಡಿದ್ದೀನಿ. ಗೂಡಿಂದ ನೂಲು ತೆಗೆಯೋ ರೀಲರ್‌ಗಳು ರಾಶಿಯೊಳಗೆ ಕೈ ಹಾಕಿ ತಳದಿಂದ ಒಂದು ಹಿಡಿ ತೆಗೀತಾರೆ. ಬೆರಳಲ್ಲಿ ಒತ್ತಿ ಗಟ್ಟಿ ನೋಡ್ತಾರೆ. ಒಂದನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ, ಒಳಗಿನ ಕೋಶ ಗಲಗಲ ಅಂದ್ರೆ ಸರಿ. ಕಲೆ, ಜೋಡಿ ಗೂಡು ಇದೆಯಾ ಅಂತ ಕಣ್ಣಾಡಿಸ್ತಾರೆ. ಅಷ್ಟು ಆದ್ಮೇಲೇ ಅವರು ರೇಟು ಹಾಕೋದು.

ಮೇಷ್ಟ್ರು: ಅವರಲ್ಲಿ ಒಬ್ಬ ರೀಲರ್, ನಾನು ಕಿವಿಯವನು, ಗೂಡು ಮುಟ್ಟಿ ನೋಡಲ್ಲ ಅಂದ್ರೆ?

ಶಿಷ್ಯೆ: ಸಂಜೆ ಹೊತ್ತಿಗೆ ನಷ್ಟ.

ಮೇಷ್ಟ್ರು: ಯಾವ ಇಂದ್ರಿಯ ಬೇಕು ಅಂತ ಗೂಡು ಹೇಳುತ್ತೆ. ವ್ಯಾಪಾರಕ್ಕೆ ಬಂದವನ ಇಷ್ಟ ಅಲ್ಲಿ ನಡೆಯಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಕೆಲಸ ನೋಡು. ತಿರುಗೋ ಮರಕ್ಕೆ ಅರಗಿನ ಕಡ್ಡಿ ಹಿಡಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ಕೊಳ್ಳುತ್ತೆ. ಎಷ್ಟು ಒತ್ತಬೇಕು ಅನ್ನೋದು ಯಾವ ಪುಸ್ತಕದಲ್ಲೂ ಸಿಗಲ್ಲ, ಅದು ಕೈಗೇ ಗೊತ್ತಾಗ್ಬೇಕು. ಅದೇ ಕುಶಲಕರ್ಮಿ ಹೊರದೇಶಕ್ಕೆ ಸರಕು ಕಳಿಸಬೇಕಾದ್ರೆ, ಯಾವ ಬಣ್ಣ ಮಕ್ಕಳ ಬಾಯಿಗೆ ಹೋದ್ರೂ ಅಪಾಯ ಇಲ್ಲ ಅನ್ನೋ ನಿಯಮ ಓದಿಯೇ ತಿಳೀಬೇಕು. ಕೈ ಎಷ್ಟೇ ಪಳಗಿದ್ರೂ ಅದನ್ನ ಹೇಳಲ್ಲ.

ಶಿಷ್ಯೆ: ನಮ್ಮ ಲೈನಲ್ಲೂ ಅದೇ. ವೈರ್ ಹಾರ್ನೆಸ್ ಕನೆಕ್ಟರ್ ಜೋಡಿಸ್ಬೇಕಾದ್ರೆ ಮೊದಲು ವೈರ್ ಬಣ್ಣ ನೋಡ್ಬೇಕು. ಒತ್ತಬೇಕು, ಕ್ಲಿಕ್ ಅಂತ ಕೇಳ್ಬೇಕು, ಆಮೇಲೆ ಮೆಲ್ಲಗೆ ಹಿಂದಕ್ಕೆ ಎಳೆದು ನೋಡ್ಬೇಕು. ಕ್ಲಿಕ್ ಕೇಳ್ತು ಅಂತ ಬಿಟ್ರೆ ಒಂದೊಂದು ಸಲ ಲಾಕ್ ಕೂತಿರಲ್ಲ, ಪಕ್ಕದ ಮೆಷಿನ್ ಗದ್ದಲದಲ್ಲಿ ಯಾವುದರ ಸದ್ದು ಅಂತಾನೂ ತಿಳಿಯಲ್ಲ. ಎಳೆದು ನೋಡದೆ ಮುಂದಕ್ಕೆ ಬಿಟ್ರೆ ಕೊನೇಲಿ ಎಲ್ಲೋ ಲೈಟ್ ಹತ್ತಲ್ಲ.

ಮೇಷ್ಟ್ರು: ಅದನ್ನ ನಿನಗೆ ಹೇಗೆ ಕಲಿಸಿದ್ರು? ಬರೀ ಮಾಡು ಅಂತ ಬಿಟ್ರಾ?

ಶಿಷ್ಯೆ: ಇಲ್ಲ, ಅದಕ್ಕೆ ಕ್ರಮ ಇದೆ. ಟ್ರೈನರ್ ಮೊದಲು ತಾವು ಮಾಡಿ ತೋರಿಸ್ತಾರೆ. ಇನ್ನೊಂದು ಸಲ ಮಾಡ್ತಾ ಮುಖ್ಯ ಅಂಶ ಹೇಳ್ತಾರೆ, ಮತ್ತೊಂದು ಸಲ ಕಾರಣ. ಆಮೇಲೆ ನಮ್ಮ ಸರದಿ. ಮೊದಲು ಸುಮ್ಮನೆ ಮಾಡ್ಬೇಕು, ತಪ್ಪಿದ್ರೆ ಅಲ್ಲೇ ತಿದ್ದುತಾರೆ. ಮತ್ತೆ ಮಾಡ್ತಾ ಹಂತ ನಾವೇ ಹೇಳ್ಬೇಕು. ಆಮೇಲೆ ಮುಖ್ಯ ಅಂಶ, ಆಮೇಲೆ ಯಾಕೆ ಹಾಗೆ ಅಂತ. ಬಾಯಲ್ಲಿ ಬರೋವರೆಗೂ ಲೈನಿಗೆ ಬಿಡಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಕಾರ್ಖಾನೆಗೆ ಹೊಸಬರು ದಂಡಿಯಾಗಿ ಸೇರಿದಾಗ ಬೇಗ ಕಲಿಸೋಕೆ ಅಂತ ಕಟ್ಟಿದ ಕ್ರಮ ಅಂತೆ ಇದು. ಯುದ್ಧ ಮುಗಿದ ಮೇಲೆ ಜಪಾನಿಗೆ ಹೋಯ್ತು, 1950ರ ದಶಕದಲ್ಲಿ ಟೊಯೋಟಾದವರು ಹಿಡ್ಕೊಂಡ್ರು, ಅಲ್ಲಿಂದ ಎಲ್ಲಾ ಕಡೆ ಹರಡ್ತು ಅಂತ ಟ್ರೈನರ್ ಹೇಳಿದ್ರು.

ಮೇಷ್ಟ್ರು: ಹಾಗಾದ್ರೆ ಟೊಯೋಟಾದವರು 2007ರಲ್ಲಿ ಇಲ್ಲೇ ಬಿಡದೀಲಿ ತಾಂತ್ರಿಕ ತರಬೇತಿ ಸಂಸ್ಥೆ ಮಾಡಿದ್ರಲ್ಲ, ರಾಮನಗರ ಜಿಲ್ಲೆಯಾದ ವರ್ಷವೇ, ಅಲ್ಲೂ ಇದನ್ನೇ ನೋಡ್ಬಹುದು. ಎಸ್ಸೆಸ್ಸೆಲ್ಸಿ ಮುಗಿಸಿದ ಬಡವರ ಮನೆ ಹಳ್ಳಿ ಮಕ್ಕಳನ್ನ ತಗೊಂಡು ಅಲ್ಲೇ ಇರಿಸ್ಕೊಂಡು ಮೂರು ವರ್ಷ ಕಲಿಸ್ತಾರೆ. ವೆಲ್ಡಿಂಗ್, ಪೇಂಟಿಂಗ್, ಜೋಡಣೆ, ಮೆಕಾಟ್ರಾನಿಕ್ಸ್. ಬರೀ ಕೈಕೆಲಸ ಅಂತ ತಿಳ್ಕೋಬೇಡ, ತರಗತಿ ಪಾಠವೂ ಉಂಟು, ಮೈ ಪಳಗಿಸೋದೂ ಉಂಟು. ಹಳ್ಳಿ ಮಕ್ಕಳು, ಇವರು ಕೈಯವರು, ಪುಸ್ತಕ ಯಾಕೆ ಅಂತ ಅಂದ್ಕೊಂಡಿದ್ರೆ ಆ ಮಕ್ಕಳಿಗೆ ಅನ್ಯಾಯ ಆಗೋದು. ನನಗೆ ನಿನ್ನ ಕಾಗದ ನೋಡಿದಾಗ ಸಂಕಟ ಆಗೋದು ಅದಕ್ಕೇ. ಈ ‘ಕೈಯವರು’ ಅನ್ನೋ ಚೀಟಿ ಯಾರ ಹಣೆಗೆ ಬೀಳುತ್ತೆ ನೋಡು. ರೈತರ ಮಕ್ಕಳು, ಕೂಲಿಯವರ ಮಕ್ಕಳು, ಕನ್ನಡ ಶಾಲೇಲಿ ಓದಿದವರು. ಅವರಿಗೆ ಮ್ಯಾನ್ಯುಯಲ್ ಕಷ್ಟ ಆಗೋದಕ್ಕೆ ಬೇರೆ ಕಾರಣ ಇರುತ್ತೆ. ಚೀಟಿ ಅಂಟಿಸಿಬಿಟ್ರೆ ಆ ಕಾರಣ ಹುಡುಕೋ ಗೋಜಿಗೇ ಯಾರೂ ಹೋಗಲ್ಲ.

ಶಿಷ್ಯೆ: ಎಂಥ ಕಾರಣ?

ಮೇಷ್ಟ್ರು: ನಿನಗಿಂತ ಸ್ವಲ್ಪ ದೊಡ್ಡವನು ಒಬ್ಬ ಹುಡುಗ ಇದ್ದ. ಬೋರ್ಡ್ ಕಡೆ ನೋಡ್ತಾನೇ ಇರಲಿಲ್ಲ. ಹೇಳಿದ್ದೆಲ್ಲ ಕೇಳಿಸ್ಕೊಂಡು ಹಾಗೇ ಒಪ್ಪಿಸೋನು. ಕಿವಿಯಿಂದ ಕಲಿಯೋ ಹುಡುಗ ಅನ್ನೋಕೆ ಅವನಿಗಿಂತ ಒಳ್ಳೇ ಉದಾಹರಣೆ ಸಿಗಲ್ಲ. ಶಾಲೆಗೆ ಕಣ್ಣಿನ ತಪಾಸಣೆಯವರು ಬಂದು ನೋಡಿದ್ರೆ, ಅವನಿಗೆ ದೂರದ್ದು ಕಾಣ್ತಾನೇ ಇರಲಿಲ್ಲ. ಕನ್ನಡಕ ಬಂದ ಮೇಲೆ ಕಿಟಕಿಯಾಚೆ ಹುಣಸೆ ಮರದ ಎಲೆ ಒಂದೊಂದಾಗಿ ಕಾಣುತ್ತೆ ಅಂತ ದಿನವೆಲ್ಲ ಹೇಳ್ತಿದ್ದ. ಇನ್ನು ಕೆಲವು ಮಕ್ಕಳಿಗೆ ಅಕ್ಷರ ಬಿಡಿಸಿ ಓದೋದೇ ನಿಜವಾಗಿ ಕಷ್ಟ. ಡಿಸ್ಲೆಕ್ಸಿಯಾ ಅಂತಾರಲ್ಲ ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಅದಕ್ಕೆ ಜಾಗ ಇದೆ, ಅವರಿಗೆ ಸಿಗಬೇಕಾದ ನೆರವೇ ಬೇರೆ. ಅದನ್ನೂ ಶೈಲಿ ಅಂತ ತೇಲಿಸಿಬಿಟ್ರೆ ಮಗು ಮುಳುಗಿಹೋಗುತ್ತೆ.

ಶಿಷ್ಯೆ: ನನಗೆ ಕಣ್ಣು ಸರಿಯಾಗಿದೆ. ಕನ್ನಡ ಪೇಪರ್ ಸರಾಗವಾಗಿ ಓದ್ತೀನಿ. ಆದ್ರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರೂ ಒಂದೇ ಥರ ಕಲೀತಾರೆ ಅಂತ ನೀವು ಹೇಳಿದ್ರೆ ನಾನು ಒಪ್ಪಲ್ಲ. ನನ್ನ ಜೊತೆ ಮಾಗಡಿ ಕಡೆ ಹುಡುಗಿ ಇದ್ದಾಳೆ. ಅವಳು ಡ್ರಾಯಿಂಗ್ ಒಮ್ಮೆ ನೋಡಿದ್ರೆ ಸಾಕು, ಹಿಡ್ಕೊಂಡ್ಬಿಡ್ತಾಳೆ.

ಮೇಷ್ಟ್ರು: ಏನು ಓದಿದ್ದಾಳೆ?

ಶಿಷ್ಯೆ: ಎಲೆಕ್ಟ್ರಿಕಲ್ ಡಿಪ್ಲೊಮಾ.

ಮೇಷ್ಟ್ರು: ಹಾಂ.

ಶಿಷ್ಯೆ: ಸರಿ, ಅದು ಗೊತ್ತಾಯ್ತು ಬಿಡಿ. ಅವಳಿಗೆ ಚಿಹ್ನೆ ಎಲ್ಲ ಮೊದಲೇ ಗೊತ್ತು.

ಮೇಷ್ಟ್ರು: ಜನ ಒಂದೇ ಥರ ಅಂತ ನಾನೂ ಹೇಳಲ್ಲ. ಒಬ್ಬರಿಗೆ ಮೊದಲೇ ಗೊತ್ತಿರೋದು ಜಾಸ್ತಿ, ಒಬ್ಬರಿಗೆ ಭಾಷೆ ತೊಡಕು. ಒಬ್ಬರಿಗೆ ಗೊತ್ತಿಲ್ಲ ಅಂತ ಕೇಳೋಕೆ ನಾಚಿಕೆ. ನೀನು ಬೆಳಗಿನ ಜಾವ ಎದ್ದು ಶಿಫ್ಟ್ ಮುಗಿಸಿ, ಮನೇಲಿ ಹುಳುವಿಗೆ ಸೊಪ್ಪು ಹಾಕಿ, ರಾತ್ರಿ ಪುಸ್ತಕ ಹಿಡೀತೀಯ. ಆ ಹೊತ್ತಲ್ಲಿ ಯಾರ ತಲೆಗೆ ಹತ್ತುತ್ತೆ? ಇಂಥವನ್ನೆಲ್ಲ ಅರಿತುಕೋ ಅಂತೀನಿ. ಇವು ಬದಲಾಗೋವು, ಬದಲಾಯಿಸಬಹುದಾದವು. ಅದು ಸರಿ, ಮ್ಯಾನ್ಯುಯಲ್ ಹೇಗೆ ಓದಿದೆ?

ಶಿಷ್ಯೆ: ಮೊದಲಿಂದ ಕೊನೇವರೆಗೆ. ಹಳದಿ ಪೆನ್ನಲ್ಲಿ ಗುರುತು ಹಾಕ್ಕೊಂಡು ಮತ್ತೆ ಓದಿದೆ. ಓದಿದಾಗ ಎಲ್ಲಾ ಗೊತ್ತಿರೋ ಹಾಗೆ ಅನ್ನಿಸುತ್ತೆ, ಬೆಳಿಗ್ಗೆ ನೋಡಿದ್ರೆ ಏನೂ ಇಲ್ಲ.

ಮೇಷ್ಟ್ರು: ಆ ‘ಅನ್ನಿಸೋದು’ ಇದೆಯಲ್ಲ, ಅದನ್ನ ನಂಬಬೇಡ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅಂತ ಇಬ್ಬರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು. ಕಾಲೇಜು ಮಕ್ಕಳಿಗೆ ಒಂದೊಂದು ಪುಟದ ಪಾಠ. ಒಂದು ಗುಂಪು ಅದನ್ನ ಎರಡನೇ ಸಲವೂ ಓದ್ತು. ಇನ್ನೊಂದು ಗುಂಪು ಮುಚ್ಚಿಟ್ಟು ನೆನಪಿದ್ದದ್ದನ್ನ ಬರೀತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ: ಅವರು ನೂರಕ್ಕೆ 81, ಬರೆದವರು 75. ಒಂದು ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಮತ್ತೆ ಓದಿದವರು 42ಕ್ಕೆ ಇಳಿದಿದ್ರು, ಮುಚ್ಚಿಟ್ಟು ಬರೆದವರು 56ರಲ್ಲಿದ್ರು.

ಶಿಷ್ಯೆ: ನಮ್ಮ ಟ್ರೈನರ್ ಬಾಯಲ್ಲಿ ಹೇಳಿಸೋದೂ ಅದೇ ಆಯ್ತಲ್ಲ! ನೋಡದೆ ಹಂತ ಹೇಳು ಅಂತ.

ಮೇಷ್ಟ್ರು: ಅದೇ. ಹಳೇ ಕಾಲದ ಊರ ಶಾಲೆ, ನಮ್ಮ ಐಗಳ ಮಠದಲ್ಲಿ ಮರಳ ಮೇಲೆ ಬೆರಳಲ್ಲಿ ತಿದ್ದುತಾ ಬಾಯಲ್ಲೂ ಹೇಳಿಸ್ತಿದ್ರು, ಅಳಿಸಿ ಮತ್ತೆ ಬರೆಸ್ತಿದ್ರು. ನಿಮ್ಮಮ್ಮ ಹಸಿ ಹುಳು ಹಣ್ಣು ಹುಳು ಬೆರೆತ ತಟ್ಟೇಲಿ ಆರಿಸೋಕೆ ಕೊಟ್ರಲ್ಲ, ಅದಕ್ಕೂ ಪ್ರಯೋಗದ ಬೆಂಬಲ ಇದೆ. 2008ರಲ್ಲಿ ಕಾರ್ನೆಲ್, ಬ್ಯೊರ್ಕ್ ಅನ್ನೋರು 12 ಕಲಾವಿದರ ಚಿತ್ರಗಳನ್ನ ತೋರಿಸಿದ್ರು. ಕೆಲವರ ಚಿತ್ರಗಳು ಒಬ್ಬರದಾದ ಮೇಲೆ ಒಬ್ಬರದು, ಇನ್ನು ಕೆಲವರದು ಬೆರಕೆ. ಹೊಸ ಚಿತ್ರ ಕೊಟ್ಟು ಇದು ಯಾರದ್ದು ಅಂತ ಕೇಳಿದಾಗ, ಬೆರಕೆಯಾಗಿ ನೋಡಿದ ಕಲಾವಿದರನ್ನೇ ಜನ ಚೆನ್ನಾಗಿ ಗುರುತಿಸಿದ್ರು. ಆದ್ರೂ ಅವರಲ್ಲಿ ಹೆಚ್ಚಿನವರು ಒಟ್ಟೊಟ್ಟಿಗೆ ನೋಡಿದ್ದೇ ಸುಲಭವಾಗಿ ಕಲಿಸ್ತು ಅಂತ ಹೇಳಿದ್ರು. ಆರಾಮಾಗಿ ಹೋದದ್ದನ್ನೇ ಮನಸ್ಸು ಕಲಿತೆ ಅಂತ ಲೆಕ್ಕ ಹಾಕುತ್ತೆ. ನಿನ್ನ ಮೊಬೈಲ್ ಪ್ರಶ್ನೆಗಳು ಕೇಳಿದ್ದೂ ಆ ಆರಾಮನ್ನೇ.

ಶಿಷ್ಯೆ: ಹಾಗಾದ್ರೆ ನನಗೆ ಯಾವ ದಾರಿ ಸರಿ ಅಂತ ನನಗೆ ಗೊತ್ತಾಗೋದು ಹೇಗೆ?

ಮೇಷ್ಟ್ರು: ಕಲಿತ ಮಾರನೇ ದಿನ ಪುಸ್ತಕ ತೆರೀದೆ ಹೇಳಿ ನೋಡು. ಎಲ್ಲಿ ತಡವರಿಸ್ತೀಯೋ ಅಲ್ಲಿ ಗುರುತು ಹಾಕು. ಯಾಕೆ ಸಿಕ್ಕಿಹಾಕ್ಕೊಂಡೆ ಅಂತ ಕೇಳ್ಕೋ: ಇಂಗ್ಲಿಷ್ ಪದಕ್ಕಾ, ಚಿಹ್ನೆಗಾ, ಕೆಲಸವೇ ಗೊತ್ತಿಲ್ವಾ, ಇಲ್ಲಾ ನಿದ್ದೆಯಾ. ಮ್ಯಾನ್ಯುಯಲ್ ತಂದಿದ್ದೀಯಾ?

ಶಿಷ್ಯೆ: ಬ್ಯಾಗಲ್ಲೇ ಇದೆ. ಈ ಪುಟದಲ್ಲಿ ಚಿಹ್ನೆಗಳಿದಾವೆ.

ಮೇಷ್ಟ್ರು: ನೋಡ್ಕೋ. ಈಗ ಇಲ್ಲಿ ಕೊಡು. ಈ ಕಾಗದದ ಹಿಂದೆ ಬರಿ.

ಶಿಷ್ಯೆ: ಕೈನೆಸ್ತೆಟಿಕ್ ಕಾಗದದ ಹಿಂದೇನಾ! ಸರಿ. ಗ್ರೌಂಡ್ ಅಂದ್ರೆ ಒಂದು ಗೆರೆ ಇಳಿದು, ಕೆಳಗೆ ಮೂರು ಅಡ್ಡ ಗೆರೆ, ದೊಡ್ಡದರಿಂದ ಚಿಕ್ಕದಕ್ಕೆ. ಇದು ಬಲ್ಬು. ಇದು ಸ್ವಿಚ್ಚು. ಫ್ಯೂಸು ಹೀಗೆ. ರಿಲೇ... ಒಂದು ಕಾಯಿಲ್ ಇತ್ತು, ಪಕ್ಕದಲ್ಲಿ ಏನೋ ಇತ್ತು.

ಮೇಷ್ಟ್ರು: ಪಕ್ಕದಲ್ಲಿ ಏನು?

ಶಿಷ್ಯೆ: ಬರ್ತಿಲ್ಲ. ತಾಳಿ, ರಿಲೇ ಕೆಲಸ ಏನು ಅನ್ನೋದೇ ನನಗೆ ಸರಿಯಾಗಿ ಗೊತ್ತಿಲ್ಲ ಅನ್ಸುತ್ತೆ. ಟಿಕ್ ಅಂತ ಸದ್ದು ಮಾಡುತ್ತೆ, ಅಷ್ಟೇ ಗೊತ್ತು. ಆ ಟಿಕ್ ಅನ್ನೋದು ಸ್ವಿಚ್ ಬೀಳೋ ಸದ್ದಾ? ಕಾಯಿಲ್‌ಗೆ ಕರೆಂಟ್ ಬಂದ್ರೆ ಅದು ಪಕ್ಕದ ಸ್ವಿಚ್ಚನ್ನ ಎಳೆಯುತ್ತಾ?

ಮೇಷ್ಟ್ರು: ಅದು ನನಗೆ ಗೊತ್ತಿಲ್ಲ ಕಣಮ್ಮ, ಮಾಗಡಿ ಹುಡುಗಿಯನ್ನ ಕೇಳು. ಕೇಳಿ ಬಂದು ನನಗೂ ಹೇಳು. ಹೆಸರು ಕೊಡೋಕೆ ಕಡೇ ದಿನ ಯಾವತ್ತು?

ಶಿಷ್ಯೆ: ಸೋಮವಾರ. ಭಾನುವಾರ ಬರ್ತೀನಿ ಮೇಷ್ಟ್ರೇ. ಈ ಪುಟದ ಜೊತೆ ಹಿಂದಿನ ಪುಟದ್ದೂ ಬೆರೆಸಿ ಕೇಳಿ.